ಹೆದರಿಕೆಗೆ ರೇಟು ಹಚ್ಚುವ ವ್ಯಾಪಾರ: ‘ತುರ್ತಿಗೆ ಇರಲಿ’ ಅಂತ ಕೊಂಡದ್ದು ತುರ್ತಿಗೆ ಬರುತ್ತಾ?

ದೇವರಗುಡ್ಡ: ಲೈಟು ಹೋದರೆ ಇರಲಿ ಅಂತ ಒಂದು ಬಲ್ಬು. ಗ್ಯಾಸ್ ಸೋರಿದರೆ ಇರಲಿ ಅಂತ ಒಂದು ಮೀಟರು. ಬೆಂಕಿ ಬಿದ್ದರೆ ಇರಲಿ ಅಂತ ಗೋಡೆಗೆ ಒಂದು ಕೆಂಪು ಸಿಲಿಂಡರ್. ಮೊಬೈಲ್ ಸತ್ತರೆ ಇರಲಿ ಅಂತ ಒಂದು ಪವರ್ ಬ್ಯಾಂಕ್. ಇಂಥ ‘ಇರಲಿ’ ಸಾಮಾನು ಒಂದಾದರೂ ಇಲ್ಲದ ಮನೆ, ಅಂಗಡಿ ಈಗ ಕಡಿಮೆ. ಇವುಗಳಲ್ಲಿ ಎಷ್ಟು ನಿಜವಾಗಿ ಕೆಲಸ ಮಾಡುತ್ತವೆ ಅನ್ನೋದು ಮಾತ್ರ ಆಪತ್ತು ಬಂದ ದಿನವೇ ಗೊತ್ತಾಗೋದು. ಈ ವ್ಯಾಪಾರದ ಗುಟ್ಟೆಲ್ಲ ಅಲ್ಲೇ ಇದೆ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಕೊಳ್ಳುವವರು ಚೀಲ ಬಿಚ್ಚಿ, ಕಾಯಿ ಮುರಿದು, ಬಣ್ಣ ಮತ್ತು ತೇವ ನೋಡಿಯೇ ದರ ಬರೆಯುತ್ತಾರೆ. ರಾಣೆಬೆನ್ನೂರಿನಲ್ಲಿ ಬೀಜ ಕೊಂಡ ರೈತರಿಗೆ ಅದು ಮೊಳಕೆ ಒಡೆಯುತ್ತೋ ಇಲ್ಲವೋ ಅನ್ನೋದು ಕೆಲವೇ ದಿನದಲ್ಲಿ ತಿಳಿಯುತ್ತದೆ. ಚಪ್ಪಲಿ ಕಿತ್ತರೆ ವಾರದಲ್ಲಿ ಅಂಗಡಿ ಮುಂದೆ ಬಂದು ಜಗಳ ಆಡಬಹುದು. ಆದರೆ ತುರ್ತು ಸಾಮಾನು ಹಂಗಲ್ಲ. ಅದನ್ನು ಕೊಳ್ಳೋದೇ ಬಳಸುವ ಪ್ರಸಂಗ ಬಾರದಿರಲಿ ಅಂತ. ಎರಡು ವರ್ಷ ಮೂಲೆಯಲ್ಲಿ ಧೂಳು ತಿಂದು, ಮೂರನೇ ವರ್ಷ ಕೈಗೆತ್ತಿಕೊಂಡಾಗ ಕೆಟ್ಟಿದ್ದರೆ ಮಾರಿದವರು ಎಲ್ಲಿ, ಬಿಲ್ಲು ಎಲ್ಲಿ? ಕಳಪೆ ಮಾಲು ಮಾರುವವರಿಗೆ ಇದಕ್ಕಿಂತ ಸುರಕ್ಷಿತ ಧಂದೆ ಬೇರೆ ಇಲ್ಲ.

ಹೆದರಿಕೆಗೂ ಒಂದು ಸೀಸನ್

ಈ ಭಾಗದ ಜನರ ಹೆದರಿಕೆ ಸುಳ್ಳೇನಲ್ಲ. 2019ರ ಆಗಸ್ಟ್ ಪ್ರವಾಹದಲ್ಲಿ ವರದಾ, ತುಂಗಭದ್ರಾ ದಂಡೆಯ ಊರುಗಳ ಮಂದಿ ಏನು ಅನುಭವಿಸಿದರು ಅನ್ನೋದು ಜಿಲ್ಲೆಗೆ ಗೊತ್ತಿದೆ. 2023ರ ಆಗಸ್ಟ್ 29ರಂದು ಹಾವೇರಿ ಹತ್ತಿರದ ಆಲದಕಟ್ಟಿಯ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಕಾರ್ಮಿಕರು ಸತ್ತರು. ಮುಂಗಾರಿಗೆ ಮೊದಲು ಸಿಡಿಲು, ಮಳೆಗಾಲದಲ್ಲಿ ಕರೆಂಟಿಲ್ಲದ ರಾತ್ರಿಗಳು ಇದ್ದದ್ದೇ.

ದೇವರಗುಡ್ಡದಲ್ಲಿ ಆಯುಧಪೂಜೆಯ ದಿನ ಗೊರವಪ್ಪನವರು ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾರೆ. ಒಂದೇ ಸಾಲಿನ ನುಡಿಯಲ್ಲಿ ಮಳೆ ಎಷ್ಟು, ಬೆಳೆ ಹೇಗೆ, ರಾಜಕೀಯ ಏನು ಅಂತ ಮಂದಿ ತಿಂಗಳುಗಟ್ಟಲೆ ಅರ್ಥ ಬಿಡಿಸುತ್ತಾರೆ. ಮುಂದೇನು ಕಾದಿದೆ ಅನ್ನೋ ಆತಂಕ ಮಳೆ ನಂಬಿದ ಊರಿಗೆ ಹೊಸದಲ್ಲ. ಹೊಸದೇನೆಂದರೆ ಆ ಆತಂಕದ ಬೆನ್ನಿಗೇ ಒಂದು ಡಬ್ಬಿ ಹಿಡಿದುಕೊಂಡು ಬರುವ ಮಾರಾಟ.

ಅದರ ದಾರಿ ಮೂರು. ಒಂದು, ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡು ಮನೆ ಬಾಗಿಲಿಗೆ ಬರೋದು. ಎರಡು, ಜಾತ್ರೆ, ಸಂತೆಯಲ್ಲಿ ಗಾಡಿ ನಿಲ್ಲಿಸಿ ಮೈಕಿನಲ್ಲಿ ಕೂಗೋದು. ಮೂರು, ಮೊಬೈಲಿನಲ್ಲಿ ‘ಮಿಲಿಟರಿ ಟಾರ್ಚ್’, ‘ಸೋಲಾರ್ ಪವರ್ ಬ್ಯಾಂಕ್’ ಅಂತ ವಿಡಿಯೋ ತೋರಿಸಿ ಕ್ಯಾಶ್ ಆನ್ ಡೆಲಿವರಿ ಕಳಿಸೋದು. ಮೂರಕ್ಕೂ ಒಂದು ಸಾಮ್ಯ ಇದೆ: ಮಾಲು ಕೈಗೆ ಬಂದ ಮೇಲೆ ಮಾರಿದವರ ವಿಳಾಸ ಸಿಗೋದಿಲ್ಲ.

‘ಅಕ್ಕಾರ, ಗ್ಯಾಸ್ ಚೆಕ್ ಮಾಡಬೇಕ್ರಿ’

ರಾಜ್ಯದ ಹಲವು ಊರುಗಳಲ್ಲಿ ಕೇಳಿಬಂದಿರುವ ಹಳೆಯ ಪಟ್ಟು ಇದು. ಗಂಡಸರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಇಬ್ಬರು ಬರುತ್ತಾರೆ. ‘ಗ್ಯಾಸ್ ಕಂಪನಿಯಿಂದ ಬಂದೀವ್ರಿ, ಚೆಕ್ಕಿಂಗ್ ಐತಿ’ ಅಂತ ನೇರ ಅಡುಗೆ ಮನೆಗೆ ಹೋಗುತ್ತಾರೆ. ಪೈಪು ಸರಿಯಿಲ್ಲ, ರೆಗ್ಯುಲೇಟರ್ ಹಳೇದಾಗಿದೆ, ಯಾವಾಗಲಾದರೂ ಸಿಡಿಯಬಹುದು ಅಂತ ಹೆದರಿಸುತ್ತಾರೆ. ಆಮೇಲೆ ಚೀಲದಿಂದ ಗುಂಡನೆಯ ಮೀಟರ್ ಇರುವ ‘ಸೇಫ್ಟಿ ಡಿವೈಸ್’ ತೆಗೆಯುತ್ತಾರೆ. ಸೋರಿಕೆ ಆದರೆ ತಾನೇ ಬಂದ್ ಆಗುತ್ತದೆ, ಗ್ಯಾಸೂ ಉಳಿಯುತ್ತದೆ, ಸರ್ಕಾರ ಕಡ್ಡಾಯ ಮಾಡಿದೆ ಅನ್ನೋದು ಮಾತಿನ ವರಸೆ. ಸಾವಿರ ದಾಟಿದ ರೇಟು ಹೇಳಿ, ಚೌಕಾಸಿ ಮಾಡಿಸಿಕೊಂಡಂತೆ ಮಾಡಿ, ಹೋಗುವಾಗ ಒಂದು ಚೀಟಿ ಕೊಡುತ್ತಾರೆ.

ನಿಜ ಏನು? ಸರ್ಕಾರಿ ತೈಲ ಕಂಪನಿಗಳು ಇಂಥ ‘ಗ್ಯಾಸ್ ಸೇಫ್ಟಿ ಡಿವೈಸ್’ಗಳಿಗೆ ಒಪ್ಪಿಗೆ ಕೊಟ್ಟಿಲ್ಲ, ಬಳಸಿ ಅಂತ ಹೇಳಿಯೂ ಇಲ್ಲ. ಗೃಹಬಳಕೆ ಸಂಪರ್ಕಕ್ಕೆ ಐದು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ಇರೋದು ಖರೆ. ಆದರೆ ಅದನ್ನು ಮಾಡಬೇಕಾದವರು ನಿಮ್ಮ ಏಜೆನ್ಸಿಯವರು, ಅದಕ್ಕೆ ಏಜೆನ್ಸಿಯ ರಸೀದಿ ಇರುತ್ತದೆ. ರೆಗ್ಯುಲೇಟರನ್ನು ಡಿಪಾಸಿಟ್ ಕಟ್ಟಿ ಏಜೆನ್ಸಿಯಿಂದಲೇ ಪಡೆದಿರುತ್ತೀರಿ, ಕೆಟ್ಟರೆ ಅಲ್ಲಿಗೇ ಒಯ್ಯಬೇಕು. ಕಿತ್ತಳೆ ಬಣ್ಣದ ‘ಸುರಕ್ಷಾ’ ಪೈಪಿನ ಒಳಗೆ ತಂತಿಯ ಬಲೆ ಇರುತ್ತದೆ, ಆಯುಷ್ಯ ಐದು ವರ್ಷ. ಅದೂ ಏಜೆನ್ಸಿಯಲ್ಲೇ ಸಿಗುತ್ತದೆ.

ಇಲ್ಲಿ ದುಡ್ಡಿಗಿಂತ ದೊಡ್ಡ ಮಾತು ಇನ್ನೊಂದಿದೆ. ಸಿಲಿಂಡರಿಗೂ ರೆಗ್ಯುಲೇಟರಿಗೂ ನಡುವೆ ಮತ್ತೊಂದು ಸಾಮಾನು ಸೇರಿಸಿದರೆ ಜೋಡಣೆಯ ಜಾಗ ಹೆಚ್ಚಾಗುತ್ತವೆ. ಜೋಡಣೆ ಹೆಚ್ಚಾದಷ್ಟೂ ಸೋರುವ ಜಾಗ ಹೆಚ್ಚು. ಸೋರಿಕೆ ತಡೆಯಲು ಅಂತ ಕೊಂಡದ್ದೇ ಸೋರಿಕೆಯ ದಾರಿ ಆಗಬಹುದು. ಮೀಟರಿನ ಮುಳ್ಳು ಹಸಿರಿನಲ್ಲಿದೆ ಅಂತ ನಂಬಿ, ವಾಸನೆ ಬಂದರೂ ‘ಡಿವೈಸ್ ಹಾಕಿಸೀವಲ್ಲ’ ಅಂತ ಸುಮ್ಮನಾದರೆ ಮುಗೀತು. ಅಡುಗೆ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಸೋರಿದರೆ ಮೂಗಿಗೆ ಗೊತ್ತಾಗಲಿ ಅಂತಲೇ ನಾರುವ ರಾಸಾಯನಿಕ ಬೆರೆಸಿರುತ್ತಾರೆ. ಪುಕ್ಕಟೆಯಾಗಿ ಸಿಕ್ಕಿರುವ ಆ ಎಚ್ಚರಿಕೆಯನ್ನು ಸಾವಿರಾರು ರೂಪಾಯಿ ಕೊಟ್ಟು ಮರೆಯುವಂತಾಗಬಾರದು.

ಡಬ್ಬಿ ಮೇಲೆ ಬರೆದದ್ದು, ಲೆಕ್ಕಕ್ಕೆ ಸಿಗದ್ದು

ಎಲೆಕ್ಟ್ರಾನಿಕ್ ಸಾಮಾನಿನ ಸುಳ್ಳನ್ನು ಹಿಡಿಯಲು ಇಂಜಿನಿಯರ್ ಬೇಕಿಲ್ಲ. ಅಂಗಡಿಯ ತಕ್ಕಡಿ ಮತ್ತು ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ಪವರ್ ಬ್ಯಾಂಕ್: 20,000 ಎಂಎಎಚ್ ಅಂತ ಬರೆದಿದೆ ಅಂದುಕೊಳ್ಳಿ. ಒಳಗಿನ ಸೆಲ್ 3.7 ವೋಲ್ಟಿನದು, ಅಂದರೆ ಶಕ್ತಿ 74 ವ್ಯಾಟ್-ಅವರ್. ಇಷ್ಟು ಶಕ್ತಿ ಹಿಡಿಯುವ ಒಳ್ಳೆಯ ಲಿಥಿಯಂ ಸೆಲ್‌ಗಳೇ ಹತ್ತಿರ ಹತ್ತಿರ 300 ಗ್ರಾಂ ತೂಗುತ್ತವೆ. ಮೇಲಿನ ಕವಚ, ಸರ್ಕ್ಯೂಟ್ ಸೇರಿ ಇನ್ನೂ ಹೆಚ್ಚು. ಹಂಗಾಗಿ 20,000 ಅಂತ ಬರೆದ ಡಬ್ಬಿ ತಕ್ಕಡಿ ಮೇಲೆ 200 ಗ್ರಾಂ ಕೂಡ ತೂಗದಿದ್ದರೆ ಬರೆದದ್ದು ಸುಳ್ಳು. ತೂಕ ಸರಿ ಇದ್ದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ, ಒಳಗೆ ಮರಳು ತುಂಬಿ ಮಾರಿದ್ದೂ ಉಂಟು. ಹೆಸರಿರುವ ಕಂಪನಿಗಳು ‘ರೇಟೆಡ್ ಕೆಪಾಸಿಟಿ’ ಅಂತ ಇನ್ನೊಂದು ಚಿಕ್ಕ ಸಂಖ್ಯೆಯನ್ನೂ ಬರೆದಿರುತ್ತವೆ. ಮೊಬೈಲಿಗೆ ನಿಜವಾಗಿ ತಲುಪುವುದು ಅಷ್ಟೇ. ಆ ಸಾಲೇ ಇಲ್ಲದಿದ್ದರೆ ಅನುಮಾನ ಪಡಬೇಕು.

ಅದರ ಮೇಲಿನ ಸೋಲಾರ್: ಅಂಗೈ ಅಗಲದ ಸೋಲಾರ್ ತಟ್ಟೆ 60 ಚದರ ಸೆಂ.ಮೀ. ಇದ್ದರೆ, ನಡು ಮಧ್ಯಾಹ್ನದ ಬಿಸಿಲಿನಲ್ಲಿ ಹೆಚ್ಚೆಂದರೆ ಒಂದೂಕಾಲು ವ್ಯಾಟ್ ಕೊಡಬಹುದು. 74 ವ್ಯಾಟ್-ಅವರ್ ತುಂಬಲು 60 ತಾಸಿನ ಕಡು ಬಿಸಿಲು ಬೇಕು. ದಿನಕ್ಕೆ ಐದು ತಾಸು ಅಂತ ಹಿಡಿದರೂ 12 ದಿನ. ಅದೂ ಬೇಸಿಗೆಯಲ್ಲಿ. ಮಳೆಗಾಲದ ಮೋಡದಲ್ಲಿ, ಅಂದರೆ ಕರೆಂಟು ಹೋಗುವ ಕಾಲದಲ್ಲೇ, ಅದು ಬರೀ ಅಲಂಕಾರ.

ಕೈಯಿಂದ ತಿರುವುವ ಟಾರ್ಚ್: ಚಿಕ್ಕ ಹಿಡಿಕೆ ತಿರುವಿ ಎರಡು-ಮೂರು ವ್ಯಾಟ್ ತೆಗೆಯೋದೇ ಹೆಚ್ಚು. ಈಗಿನ ಮೊಬೈಲ್ ಬ್ಯಾಟರಿ ತುಂಬಲು 19 ವ್ಯಾಟ್-ಅವರ್ ಬೇಕು. ಆರರಿಂದ ಒಂಬತ್ತು ತಾಸು ಬಿಡದೆ ತಿರುವಬೇಕಾಗುತ್ತದೆ. ಎರಡು ನಿಮಿಷದ ಕರೆಗೆ, ಸಣ್ಣ ಬೆಳಕಿಗೆ ಆದೀತು. ‘ಮೊಬೈಲ್ ಫುಲ್ ಚಾರ್ಜ್’ ಅನ್ನೋದು ಆಗದ ಮಾತು.

‘ಒಂದು ಲಕ್ಷ ಲ್ಯೂಮೆನ್’ ಟಾರ್ಚ್: ಎಲ್‌ಇಡಿ ಒಂದು ವ್ಯಾಟಿಗೆ 100ರಿಂದ 150 ಲ್ಯೂಮೆನ್ ಬೆಳಕು ಕೊಡುತ್ತದೆ. ಲಕ್ಷ ಲ್ಯೂಮೆನ್ ಬೇಕಂದರೆ 660 ವ್ಯಾಟಿನ ಮೇಲೆ ಬೇಕು, ಅಂದರೆ ಇಸ್ತ್ರಿ ಪೆಟ್ಟಿಗೆಯಷ್ಟು. ಬೆರಳುದ್ದದ ಒಂದು ಸೆಲ್ ಅಷ್ಟು ಶಕ್ತಿಯನ್ನು ಒಂದು ನಿಮಿಷವೂ ಕೊಡಲಾರದು. ಹಿಂಗೆ ಬರೆದವರು ಒಂದೇ ಸಂಖ್ಯೆಯಲ್ಲಿ ಸುಳ್ಳು ಹೇಳಿ ನಿಲ್ಲಿಸಿರಲಿಕ್ಕಿಲ್ಲ.

ಇನ್ವರ್ಟರ್ ಬಲ್ಬು: ಇದು ಪೂರ್ತಿ ಮೋಸ ಅಲ್ಲ, ಮನೆ ಮನೆಗೆ ಉಪಯೋಗಕ್ಕೆ ಬಂದ ಸಾಮಾನೇ. ಆದರೆ ‘9 ವ್ಯಾಟ್, 4 ತಾಸು ಬ್ಯಾಕಪ್’ ಅನ್ನೋದನ್ನ ಸೇರಿಸಿ ಓದಬಾರದು. ಒಳಗೆ 2,200 ಎಂಎಎಚ್ ಸೆಲ್ ಇದ್ದರೆ ಶಕ್ತಿ ಎಂಟು ವ್ಯಾಟ್-ಅವರ್. ನಾಲ್ಕು ತಾಸು ಉರಿಯಬೇಕಾದರೆ ಎರಡೇ ವ್ಯಾಟಿನಲ್ಲಿ ಮಂಕಾಗಿ ಉರಿಯಬೇಕು. ಗಲ್ಲಾ ಎಣಿಸಲು ಸಾಕು, ಹೊಲಿಗೆ ಮಷಿನ್ ಮುಂದೆ ಸಾಲದು.

ಇವೆಲ್ಲದರ ಜತೆಗೇ ಮಾರುವ ‘ಕರೆಂಟ್ ಸೇವರ್’ ಪ್ಲಗ್ಗಿನ ಮಾತೂ ಇಲ್ಲೇ ಮುಗಿಸಬಹುದು. ಅದರೊಳಗೆ ಸಾಮಾನ್ಯವಾಗಿ ಇರೋದು ಒಂದು ಕೆಪಾಸಿಟರ್, ಒಂದು ಚಿಕ್ಕ ದೀಪ. ಮನೆಯ ಮೀಟರ್ ಎಣಿಸೋದು ನಿಜವಾಗಿ ಖರ್ಚಾದ ಯೂನಿಟ್. ಕೆಪಾಸಿಟರ್ ಅದನ್ನು ಕಡಿಮೆ ಮಾಡೋದಿಲ್ಲ. ಹೆಸ್ಕಾಂ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಉಳಿಯೋದಿಲ್ಲ.

ಹಳ್ಳಿ ಮಂದಿ ಮಾತ್ರ ಮೋಸ ಹೋಗೋದಲ್ಲ

‘ಓದಿಲ್ಲದವರು, ಹಂಗಾಗಿ ಟೋಪಿ ಹಾಕಿಸಿಕೊಂಡರು’ ಅನ್ನೋ ಮಾತು ಸುಲಭ. ಆದರೆ ಅದು ತಪ್ಪು. ಆತುರ ಬಂದಾಗ ಸರ್ಕಾರಗಳೂ ಇದೇ ಗುಂಡಿಗೆ ಬಿದ್ದಿವೆ.

2020ರ ಏಪ್ರಿಲ್‌ನಲ್ಲಿ ಕೋವಿಡ್ ಪತ್ತೆಗೆ ಅಂತ ಐಸಿಎಂಆರ್ ಚೀನಾದ ರ‍್ಯಾಪಿಡ್ ಟೆಸ್ಟ್ ಕಿಟ್ ತರಿಸಿತು. ಭಾರತಕ್ಕೆ ಬಂದಿಳಿದಾಗ ಒಂದು ಕಿಟ್ಟಿನ ಖರ್ಚು 245 ರೂಪಾಯಿ, ಐಸಿಎಂಆರ್‌ಗೆ ಹಾಕಿದ ದರ 600 ರೂಪಾಯಿ. ವ್ಯಾಪಾರಿಗಳ ಒಳಜಗಳ ದೆಹಲಿ ಹೈಕೋರ್ಟಿಗೆ ಹೋದಾಗ ಈ ಲೆಕ್ಕ ಹೊರಬಿತ್ತು. ಕೋರ್ಟು 400 ರೂಪಾಯಿ ಮೀರಬಾರದು ಅಂದಿತು. ಅಷ್ಟರಲ್ಲಿ ರಾಜ್ಯಗಳಿಂದ ಫಲಿತಾಂಶವೇ ಸರಿ ಬರುತ್ತಿಲ್ಲ ಅಂತ ದೂರು ಬಂದವು. ಬಳಕೆ ನಿಲ್ಲಿಸಿ, ಕಿಟ್ ವಾಪಸ್ ಮಾಡಿ ಅಂತ ಐಸಿಎಂಆರ್ ಹೇಳಬೇಕಾಯಿತು. ದುಡ್ಡು ಪಾವತಿ ಆಗಿರಲಿಲ್ಲ, ಒಪ್ಪಂದ ರದ್ದಾಯಿತು. ಆದರೆ ಸೋಂಕು ಹರಡುತ್ತಿದ್ದ ಆ ದಿನಗಳು ವಾಪಸ್ ಬರಲಿಲ್ಲ.

ನಮ್ಮ ರಾಜ್ಯದ ಲೆಕ್ಕ ಇನ್ನೂ ಮುಗಿದಿಲ್ಲ. ಕೋವಿಡ್ ಕಾಲದ ಖರೀದಿಗಳನ್ನು ತನಿಖೆ ಮಾಡಿದ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹಾ ಆಯೋಗ 2024ರ ಆಗಸ್ಟ್ ಕೊನೆಗೆ ಮಧ್ಯಂತರ ವರದಿ ಕೊಟ್ಟಿತು. ಸ್ಥಳೀಯವಾಗಿ 330 ರೂಪಾಯಿ ಆಸುಪಾಸಿನಲ್ಲಿ ಸಿಗುತ್ತಿದ್ದ ಪಿಪಿಇ ಕಿಟ್ ಇರುವಾಗ, ಚೀನಾ ಕಡೆಯಿಂದ ತಲಾ ಎರಡು ಸಾವಿರ ರೂಪಾಯಿ ಮೀರಿದ ದರಕ್ಕೆ ತರಿಸಲಾಯಿತು ಅನ್ನೋದು ಅದರಲ್ಲಿನ ಮುಖ್ಯ ಆಕ್ಷೇಪಗಳಲ್ಲಿ ಒಂದು. ಆಗ ಅಧಿಕಾರದಲ್ಲಿದ್ದವರು ಇದನ್ನು ತಳ್ಳಿಹಾಕಿ, ರಾಜಕೀಯ ದ್ವೇಷ ಅಂದಿದ್ದಾರೆ. ಯಾರು ತಪ್ಪಿತಸ್ಥರು ಅನ್ನೋದನ್ನ ಕೋರ್ಟು ಹೇಳಬೇಕು. ಆದರೆ ಒಂದು ಮಾತು ಎಲ್ಲರಿಗೂ ಗೊತ್ತಿರೋದೇ: ‘ಈಗಲೇ ಬೇಕು’ ಅಂದವರ ಮುಂದೆ ರೇಟು ಹೇಳುವ ಹಕ್ಕು ಮಾರುವವರ ಕೈಗೆ ಹೋಗುತ್ತದೆ.

ಮಂದಿಯ ಮಟ್ಟದಲ್ಲಿ ಇದನ್ನ ತೋರಿಸಿದ್ದು ಆಕ್ಸಿಮೀಟರ್. 2021ರ ಎರಡನೇ ಅಲೆಯಲ್ಲಿ ಸಾವಿರದೊಳಗಿನ ಸಾಮಾನಿಗೆ ಎರಡು, ಮೂರು ಸಾವಿರ ಕೊಟ್ಟವರಿದ್ದಾರೆ. ಔಷಧ ಬೆಲೆ ನಿಯಂತ್ರಿಸುವ ರಾಷ್ಟ್ರೀಯ ಪ್ರಾಧಿಕಾರ ಲೆಕ್ಕ ತೆಗೆದಾಗ ಆಕ್ಸಿಮೀಟರ್, ಬಿಪಿ ಮಷಿನ್, ಥರ್ಮಾಮೀಟರ್, ನೆಬ್ಯುಲೈಸರ್, ಗ್ಲೂಕೋಮೀಟರ್ ಈ ಐದರ ಮೇಲೆ ವ್ಯಾಪಾರದ ಲಾಭಾಂಶ ಶೇ 3ರಿಂದ ಶೇ 709ರವರೆಗೆ ಇದ್ದದ್ದು ಕಂಡಿತು. 2021ರ ಜುಲೈ 20ರಿಂದ ಅದನ್ನು ಶೇ 70ಕ್ಕೆ ಮಿತಿಗೊಳಿಸಲಾಯಿತು. ಆದರೆ ಎರಡನೇ ಅಲೆಯ ಜೋರು ಏಪ್ರಿಲ್, ಮೇ ತಿಂಗಳಲ್ಲೇ ಮುಗಿದಿತ್ತು. ಹೆಣ ಮಣ್ಣಾದ ಮೇಲೆ ಔಷಧಿ ಬಂದ ಹಂಗಾಯಿತು.

ಬೆಲೆ ಹೋಗಲಿ. ಬೆರಳಿನ ಬದಲು ಪೆನ್ನು ಇಟ್ಟರೂ ಸಂಖ್ಯೆ ತೋರಿಸುವ ಆಕ್ಸಿಮೀಟರ್‌ಗಳ ವಿಡಿಯೋ ಆಗ ಎಲ್ಲರ ಮೊಬೈಲಿನಲ್ಲಿ ಹರಿದಾಡಿದ್ದವು. 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಹೋಗಿ ಅಂತ ಡಾಕ್ಟರು ಹೇಳುತ್ತಿದ್ದ ಕಾಲ ಅದು. ಏದುಸಿರು ಬಿಡುತ್ತಿದ್ದವರ ಬೆರಳಿಗೆ ನಕಲಿ ಡಬ್ಬಿ ಹಚ್ಚಿ, 98 ತೋರಿಸುತ್ತಿದೆ ಅಂತ ಮನೆಯವರು ಒಂದು ರಾತ್ರಿ ಕಾದರೆ ಆ ರಾತ್ರಿಯ ಬೆಲೆ ಏನು?

ಸುಳ್ಳು ಧೈರ್ಯ ಎಲ್ಲಿಗೆ ಮುಟ್ಟಿಸುತ್ತದೆ

ಈ ಪ್ರಶ್ನೆಗೆ ಜಗತ್ತಿನಲ್ಲೇ ದೊಡ್ಡ ಉತ್ತರ ಇರಾಕಿನಲ್ಲಿದೆ. ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್ ಎಂಬ ವ್ಯಾಪಾರಿ ‘ಎಡಿಇ 651’ ಹೆಸರಿನಲ್ಲಿ ಬಾಂಬ್ ಪತ್ತೆ ಸಾಧನ ಮಾರಿದ. ಪಿಸ್ತೂಲಿನಂಥ ಹಿಡಿ, ಮುಂದೆ ತಿರುಗುವ ಒಂದು ಆಂಟೆನಾ. ಬ್ಯಾಟರಿ ಇಲ್ಲ, ಒಳಗೆ ಕೆಲಸ ಮಾಡುವ ಯಂತ್ರವೇ ಇಲ್ಲ. ಅಮೆರಿಕದಲ್ಲಿ 20 ಡಾಲರಿಗೆ ಸಿಗುತ್ತಿದ್ದ ಗಾಲ್ಫ್ ಚೆಂಡು ಹುಡುಕುವ ಆಟಿಕೆಯನ್ನು ನೋಡಿ ಮಾಡಿದ್ದು. ಒಂದಕ್ಕೆ 40 ಸಾವಿರ ಡಾಲರ್‌ವರೆಗೂ ದುಡ್ಡು ತೆಗೆದುಕೊಂಡ. ಇರಾಕ್ ಸರ್ಕಾರ ಸಾವಿರಾರು ಕೊಂಡು ಬಾಗ್ದಾದಿನ ಚೆಕ್‌ಪೋಸ್ಟ್‌ಗಳಲ್ಲಿ ಪೊಲೀಸರ ಕೈಗೆ ಕೊಟ್ಟಿತು.

2013ರ ಮೇ ತಿಂಗಳಲ್ಲಿ ಲಂಡನ್ ಕೋರ್ಟು ಅವನಿಗೆ 10 ವರ್ಷ ಜೈಲು ವಿಧಿಸಿತು. ಆಶ್ಚರ್ಯ ಅಂದರೆ ಆಮೇಲೂ ಬಾಗ್ದಾದಿನಲ್ಲಿ ಅದರ ಬಳಕೆ ನಿಲ್ಲಲಿಲ್ಲ. 2016ರ ಜುಲೈ 3ರಂದು ಕರ‍್ರಾದಾ ಬಡಾವಣೆಯಲ್ಲಿ ಬಾಂಬ್ ಸಿಡಿದು 300ರಷ್ಟು ಜನ ಸತ್ತ ಮೇಲೆ ಪ್ರಧಾನಿ ಹೈದರ್ ಅಲ್-ಅಬಾದಿ ಅವನ್ನು ವಾಪಸ್ ಪಡೆಯಲು ಆದೇಶಿಸಿದರು. ಮೋಸ ಸಾಬೀತಾಗಿ ಮೂರು ವರ್ಷ ಆಗಿತ್ತು. ದುಡ್ಡು ಕೊಟ್ಟು ಕೊಂಡದ್ದು ಬರೀ ಪ್ಲಾಸ್ಟಿಕ್ ಅಂತ ಒಪ್ಪಿಕೊಳ್ಳೋದು ಯಾರಿಗೂ ಸುಲಭ ಅಲ್ಲ, ಸರ್ಕಾರಕ್ಕೂ ಅಲ್ಲ.

ಕೆಟ್ಟ ಟಾರ್ಚು ಕೊಂಡರೆ ಐನೂರು ಹೋಯಿತು, ಮುಗೀತು. ಆದರೆ ಕೆಟ್ಟ ಸುರಕ್ಷಾ ಸಾಮಾನು ಕೊಂಡರೆ ರೊಕ್ಕದ ಜತೆ ಎಚ್ಚರವೂ ಹೋಗುತ್ತದೆ. ಏನೂ ಇಲ್ಲದವರು ಹುಷಾರಾಗಾದರೂ ಇರುತ್ತಾರೆ.

ಅಂಗಡಿಯವರ ತಲೆ ಮೇಲೂ ಕತ್ತಿ

‘ಗಿರಾಕಿ ಕೇಳ್ತಾರ, ನಾವ್ ಇಡ್ತೀವಿ, ಕಂಪನಿಯವರು ಏನ್ ತುಂಬ್ಯಾರೋ ನಮಗೇನ್ ಗೊತ್ರಿ’ ಅನ್ನೋ ಮಾತಿಗೆ ಈಗ ಕಾನೂನಿನಲ್ಲಿ ಜಾಗ ಕಡಿಮೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೇ ಸೆಕ್ಷನ್ ಪ್ರಕಾರ, ತಯಾರಿಸಿದವರು ಯಾರು ಅಂತ ಗೊತ್ತಾಗದ ಮಾಲಿನಿಂದ ಹಾನಿಯಾದರೆ ಹೊಣೆ ಮಾರಿದವರ ಮೇಲೆ ಬರುತ್ತದೆ. ಹೆಸರಿಲ್ಲದ ಪವರ್ ಬ್ಯಾಂಕ್ ಉಬ್ಬಿ ಬೆಂಕಿ ಹತ್ತಿದರೆ, ಡಬ್ಬಿ ಮೇಲೆ ಯಾರ ವಿಳಾಸವೂ ಇಲ್ಲದಿದ್ದರೆ, ಕಟಕಟೆಯಲ್ಲಿ ನಿಲ್ಲಬೇಕಾದವರು ಅದನ್ನು ಮಾರಿದ ಅಂಗಡಿಯವರೇ.

ಮಾಲು ಇಳಿಸಿಕೊಳ್ಳುವಾಗ ನೋಡಬೇಕಾದ್ದು ಹೆಚ್ಚೇನಿಲ್ಲ. ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ಹೆಸರು-ವಿಳಾಸ, ಯಾವ ದೇಶದ್ದು, ಎಂಆರ್‌ಪಿ, ತಿಂಗಳು-ವರ್ಷ, ದೂರಿನ ಫೋನ್ ನಂಬರ್ ಇರಲೇಬೇಕು. ಪವರ್ ಬ್ಯಾಂಕ್, ಎಲ್‌ಇಡಿ ಬಲ್ಬ್, ಮನೆ ಇನ್ವರ್ಟರ್‌ಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ. ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರುತ್ತದೆ. ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿ, ಯಾವ ಸಾಮಾನು ಅಂತ ಬರುತ್ತದೆ. ಬೇರೆ ಯಾರದೋ ಹೆಸರು ಬಂದರೆ ಮಾಲು ವಾಪಸ್ ಕಳಿಸೋದೇ ವಾಸಿ. ಸಂಖ್ಯೆ ಹಾಕಿ ನೋಡಲು ಒಂದು ನಿಮಿಷ ಸಾಕು.

ಅಗ್ನಿನಂದಕದ ಮಾತು ಬೇರೆ ಹೇಳಬೇಕು. ಬ್ಯಾಡಗಿ, ರಾಣೆಬೆನ್ನೂರಿನ ಗೋದಾಮುಗಳಲ್ಲಿ ಒಣ ಮೆಣಸಿನಕಾಯಿ, ಗೋಣಿಚೀಲ, ಹತ್ತಿಯಂಥ ಬೇಗ ಹೊತ್ತುವ ಮಾಲು ಇರುತ್ತದೆ. ಗೋಡೆಗೆ ಕೆಂಪು ಸಿಲಿಂಡರ್ ನೇತು ಹಾಕಿದರೆ ಸಾಲದು. ಐಎಸ್‌ಐ ಗುರುತು ಇದೆಯಾ, ಎಬಿಸಿ ಪೌಡರಿನದಾದರೆ ಗೇಜಿನ ಮುಳ್ಳು ಹಸಿರು ಪಟ್ಟಿಯಲ್ಲಿದೆಯಾ, ಪಿನ್ ಜಾಗದಲ್ಲಿದೆಯಾ, ರೀಫಿಲ್ ದಿನಾಂಕ ಯಾವಾಗಿನದು ಅಂತ ತಿಂಗಳಿಗೊಮ್ಮೆ ನೋಡಬೇಕು. ರೀಫಿಲ್ ಮಾಡುತ್ತೇವೆ ಅಂತ ಬಂದವರು ಬರೀ ಹೊಸ ಸ್ಟಿಕರ್ ಹಚ್ಚಿ ಹೋಗದಂತೆ, ತುಂಬಿಸುವ ಮುಂಚೆ ಮತ್ತು ಆಮೇಲೆ ತೂಕ ಮಾಡಿಸಿ ಬರೆದಿಡೋದು ಒಳ್ಳೇದು. ಚಿಕ್ಕ ಸಿಲಿಂಡರ್ ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ಖಾಲಿ. ಬೆಂಕಿ ಸಣ್ಣದಿದ್ದಾಗ ಮಾತ್ರ ಅದರ ಆಟ. ಕೆಲಸದ ಹುಡುಗರಿಗೆ ಪಿನ್ ಕೀಳೋದು ಗೊತ್ತಿಲ್ಲದಿದ್ದರೆ ಅಸಲಿ ಸಿಲಿಂಡರ್ ಕೂಡ ನಕಲಿಯಷ್ಟೇ ಉಪಯೋಗ.

ಜಾತ್ರೆ, ಮೆರವಣಿಗೆಗೆ ಬೇಕು ಅಂತ ಆನ್‌ಲೈನಿನಲ್ಲಿ ವಾಕಿಟಾಕಿ ತರಿಸುವವರೂ ಒಂದು ಮಾತು ತಿಳಿದಿರಬೇಕು. ಎಲ್ಲ ವಾಕಿಟಾಕಿಗಳನ್ನೂ ಲೈಸೆನ್ಸ್ ಇಲ್ಲದೆ ಬಳಸುವಂತಿಲ್ಲ. ಆ ಮಾಹಿತಿ ಕೊಡದೆ ಮಾರುತ್ತಿದ್ದಾರೆ ಅಂತ 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 13 ಆನ್‌ಲೈನ್ ಕಂಪನಿಗಳಿಗೆ ನೋಟಿಸ್ ಕೊಟ್ಟಿತ್ತು.

ಪುಕ್ಕಟೆ ಸಿಗೋದನ್ನ ಮೊದಲು ಬಳಸಿ

ದುಡ್ಡು ಕೊಡದೆ ಸಿಗುವ ರಕ್ಷಣೆ ನಮ್ಮ ಕಣ್ಣಿಗೆ ಬೀಳೋದು ಕಡಿಮೆ. ಯಾರೂ ಅದನ್ನು ಮೈಕಿನಲ್ಲಿ ಕೂಗಿ ಮಾರೋದಿಲ್ಲ.

ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಹಾಕಲೂ ಬೇಡಿ, ಆರಿಸಲೂ ಬೇಡಿ. ಬಾಗಿಲು, ಕಿಟಕಿ ತೆರೆಯಿರಿ. ರೆಗ್ಯುಲೇಟರ್ ತೆಗೆದು ಸಿಲಿಂಡರಿಗೆ ಮುಚ್ಚಳ ಹಾಕಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ನಿಂತಿರುತ್ತದೆ. ರಾತ್ರಿ ಮಲಗುವ ಮುಂಚೆ ರೆಗ್ಯುಲೇಟರ್ ಬಂದ್ ಮಾಡುವ ರೂಢಿಗೆ ಒಂದು ಪೈಸೆ ಖರ್ಚಿಲ್ಲ.

ಸಿಡಿಲಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್, ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇವೆ. ಎರಡೂ ಉಚಿತ. 2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲುಗಳು ಒಮ್ಮೆಲೇ ಜೋರಾಗಿ ಒದರಿದ್ದು ನೆನಪಿರಬಹುದು. ಅದು ವಿಪತ್ತಿನ ಮುನ್ಸೂಚನೆ ಕಳಿಸುವ ಸರ್ಕಾರಿ ವ್ಯವಸ್ಥೆಯ ಪರೀಕ್ಷೆ. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಆ ಅಲರ್ಟ್ ಬಂದ್ ಮಾಡಿದವರು ತೆರೆದಿಡೋದು ಒಳ್ಳೇದು. ಮಳೆ ವಿಚಾರ ಕೇಳಲು ವರುಣಮಿತ್ರ ಸಹಾಯವಾಣಿ 92433 45433. ಯಾವುದೇ ಆಪತ್ತಿಗೆ 112, ಕರೆಂಟಿನ ದೂರಿಗೆ 1912.

ಮನೆಗೆ ಬಂದು ಮಾರುವವರನ್ನು ಒಳಗೆ ಬಿಡಬೇಕಾದ ಹಂಗಿಲ್ಲ. 2021ರ ನೇರ ಮಾರಾಟ ನಿಯಮದ ಪ್ರಕಾರ ಅಂಥವರು ಗುರುತಿನ ಚೀಟಿ ಇಟ್ಟುಕೊಂಡಿರಬೇಕು, ಮೊದಲೇ ಕೇಳದೆ ಮನೆಗೆ ಬರುವಂತಿಲ್ಲ. ‘ಏಜೆನ್ಸಿಗೆ ಫೋನ್ ಮಾಡಿ ಕೇಳ್ತೀನಿ, ನಿಲ್ರಿ’ ಅಂತ ಒಂದು ಮಾತು ಹೇಳಿ ನೋಡಿ. ನಿಜವಾದವರು ನಿಲ್ಲುತ್ತಾರೆ, ಉಳಿದವರಿಗೆ ಮುಂದಿನ ಓಣಿಯಲ್ಲಿ ಅರ್ಜೆಂಟ್ ಕೆಲಸ ಇರುತ್ತದೆ.

ಈಗಾಗಲೇ ಮೋಸ ಹೋಗಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಹಾವೇರಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ. ಐದು ಲಕ್ಷದವರೆಗಿನ ಖರೀದಿಗೆ ದೂರಿನ ಶುಲ್ಕ ಇಲ್ಲ, ವಕೀಲರೇ ಬೇಕು ಅಂತಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಕೈಯಲ್ಲಿ ಬಿಲ್ಲು ಇದ್ದರೆ ಅರ್ಧ ಕೆಲಸ ಆದಂತೆ. ಬಿಲ್ಲಿಲ್ಲದೆ ನೂರು ರೂಪಾಯಿ ಉಳಿಸಿದವರು ಈ ದಾರಿಯನ್ನು ತಾವೇ ಕಷ್ಟ ಮಾಡಿಕೊಂಡಿರುತ್ತಾರೆ.

ಊರಿನ ಅಂಗಡಿಯವರಿಗೆ ಇದರಲ್ಲಿ ನಷ್ಟ ಇಲ್ಲ, ಲಾಭವೇ ಇದೆ. ಆನ್‌ಲೈನಿನವರ ರೇಟಿಗೆ ಕಿರಾಣಿ, ಎಲೆಕ್ಟ್ರಿಕಲ್ ಅಂಗಡಿಯವರು ಸಾಟಿಯಾಗಲಿಕ್ಕಿಲ್ಲ. ಆದರೆ ಗಿರಾಕಿಯ ಮುಂದೆಯೇ ತಕ್ಕಡಿ ಮೇಲೆ ಪವರ್ ಬ್ಯಾಂಕ್ ಇಟ್ಟು, ಆ್ಯಪಿನಲ್ಲಿ ಸಂಖ್ಯೆ ತೋರಿಸಿ, ಬಲ್ಬನ್ನು ಹತ್ತು ನಿಮಿಷ ಉರಿಸಿ, ಬಿಲ್ಲು ಹರಿದು ಕೊಟ್ಟರೆ ಅದು ದೂರದ ಯಾವ ಗೋದಾಮಿನವರಿಗೂ ಮಾಡಲು ಬಾರದ ವ್ಯಾಪಾರ. ನಾಳೆಯೂ ಅದೇ ಜಾಗದಲ್ಲಿ ಬಾಗಿಲು ತೆರೆಯುವವರ ಮಾತಿಗೆ ಇರುವ ಬೆಲೆ, ಸಂಜೆ ಗಾಡಿ ಹತ್ತಿ ಹೋಗುವವರ ಮಾತಿಗೆ ಇಲ್ಲ.

ಮನೆಯಲ್ಲಿ ಈಗಾಗಲೇ ಇರುವ ‘ಇರಲಿ’ ಸಾಮಾನುಗಳನ್ನು ಮಾತ್ರ ಆಪತ್ತಿಗೆ ಕಾಯದೆ ಈ ವಾರವೇ ಒಮ್ಮೆ ಹೊರಗೆ ತೆಗೆಯಬೇಕು. ಮೇನ್ ಸ್ವಿಚ್ ಆರಿಸಿ ಒಂದು ತಾಸು ಕೂತರೆ ಯಾವುದು ಉರಿಯುತ್ತದೆ, ಯಾವುದು ಇಲ್ಲ ಅಂತ ಮನೆಮಂದಿಗೆಲ್ಲ ತಿಳಿಯುತ್ತದೆ.